ಹೊತ್ತು ಮೀರಿದ ಅರ್ಘ್ಯ

ಕಮಲಾಪುರದಿಂದ ಕಲಬುರಗಿಗೆ ಬರುವ ಸಂಜೆಯ ಬಸ್ಸಿನಲ್ಲಿ ರಘೂತ್ತಮರಾಯರು ಒಣಹುಲ್ಲಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ ದಿನ ಅರ್ಧ ಬಸ್ಸು ನಕ್ಕಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಅಂಗಾರ ಅಕ್ಷತೆ, ಜೇಬಿನಲ್ಲಿ ಎರಡು ಪೆನ್ನು, ಮಡಿಲಲ್ಲಿ ಹುಲ್ಲು.

“ಎಮ್ಮಿ ಕಟ್ಟೀರೇನ್ರಿ ರಾಯರ?” ಎಂದು ಕಂಡಕ್ಟರ್ ಕೇಳಿದ.

“ಇಲ್ಲಪ್ಪ. ಮೊಲ ಅದ,” ಎಂದರು ರಾಯರು. ಅವರ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದಲ್ಲಿ ಕೂತಿದ್ದ ನಾನು.

ನಾನು ಅಮರನಾಥ. ನಾವಿಬ್ಬರೂ ಕಮಲಾಪುರದ ಒಂದೇ ಕಚೇರಿಯಲ್ಲಿ ಗುಮಾಸ್ತರು. ಆರು ವರ್ಷದಿಂದ ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಸೀಟು. ಅವರಿಗೆ ಐವತ್ತೇಳು, ನನಗೆ ನಲವತ್ತಾರು. ಅವರು ಮಾತು ಕಡಿಮೆ ಆಡುವವರು, ನಾನು ಸುಮ್ಮನಿರಲು ಬಾರದವನು. ಹಾಗಾಗಿ ನಮ್ಮ ಸ್ನೇಹ ಚೆನ್ನಾಗಿಯೇ ನಡೆದಿತ್ತು.

ಶಹಾಬಜಾರದ ಓಣಿಯೊಂದರಲ್ಲಿ ಅವರ ಮನೆ. ಮಕ್ಕಳಿಲ್ಲ. ಹೆಂಡತಿ ಶುಭದಾ ಸೊಲ್ಲಾಪುರದ ಕಡೆಯವರು, ಮರಾಠಿ ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಮಾತಾಡುತ್ತಿದ್ದರು. ನಾಲ್ಕು ವರ್ಷದ ಹಿಂದೆ ಒಂದು ದಿನ ಊರ ನಡುವಿನ ಪೇಟೆಯಾದ ಸೂಪರ್ ಮಾರ್ಕೆಟ್‌ಗೆ ಕುಪ್ಪಸದ ಬಟ್ಟೆ ತರಲು ಹೋದವರು ಬಟ್ಟೆ ಬಿಟ್ಟು ಆಟೋದಲ್ಲಿ ಪಂಜರ ಇಟ್ಟುಕೊಂಡು ಬಂದರು. ಒಳಗೆ ಬಿಳಿ ಮೊಲ, ಒಂದು ಕಿವಿ ಮಾತ್ರ ಕಂದು. ಸೋನ್ಯಾ ಎಂದು ಹೆಸರಿಟ್ಟರು.

ರಾಯರಿಗೆ ಮೊಲ ಬಂದದ್ದು ಇಷ್ಟವೂ ಆಗಲಿಲ್ಲ, ಕಷ್ಟವೂ ಆಗಲಿಲ್ಲ. ಅದು ಅವರಿಗೆ ಕತೆಯಲ್ಲಿ ಮಾತ್ರ ಗೊತ್ತಿತ್ತು. ಕತೆ ಹೇಳುತ್ತಿದ್ದವರು ಶುಭದಾ. ರಾತ್ರಿ ಊಟಕ್ಕೆ ಬಡಿಸುತ್ತ ದಿನಾ ಹೇಳುತ್ತಿದ್ದರಂತೆ: “ಇವತ್ತ ಸೋನ್ಯಾ ಹೆಂಗ ಹಾರಿದ ಗೊತ್ತದೇನ್ರಿ? ಪಡಸಾಲಿ ತುಂಬ ಓಡಿ ಓಡಿ, ಒಮ್ಮೆಲೇ ಮ್ಯಾಲ ಜಿಗಿದು ಗಾಳ್ಯಾಗೇ ಮೈ ಹೊಳ್ಳಿಸಿದ. ತಲಿ ಒಂದ್ ಕಡೆ, ಕಾಲು ಒಂದ್ ಕಡೆ!”

“ಸಾಕು ಮಾಡು. ಮೊಲ ಏನು ಸರ್ಕಸ್‌ದಾಗ ಇತ್ತೇನು?” ಎನ್ನುತ್ತಿದ್ದರು ರಾಯರು. ಮರುದಿನ ಬಸ್ಸಿನಲ್ಲಿ ನನಗೆ ಅದನ್ನೇ ಹೇಳುತ್ತಿದ್ದರು. “ನಮ್ಮಾಕಿ ಮಧ್ಯಾಹ್ನ ಮಲಕೊಂಡು ಕನಸು ಕಾಣ್ತಾಳ ನೋಡ್ರಿ.” ನಾನೂ ನಗುತ್ತಿದ್ದೆ. ಕಚೇರಿಯಲ್ಲಿ ಯಾರಾದರೂ ಬಡಾಯಿ ಕೊಚ್ಚಿಕೊಂಡರೆ “ಇದು ಸೋನ್ಯಾನ ಜಿಗಿತ” ಎಂದು ಹೇಳುವುದು ನಮ್ಮಿಬ್ಬರ ರೂಢಿಯಾಗಿಬಿಟ್ಟಿತ್ತು.

ಕಳೆದ ಶ್ರಾವಣದಲ್ಲಿ ಶುಭದಾ ಹತ್ತು ದಿನ ಜ್ವರದಲ್ಲಿ ಮಲಗಿ ತೀರಿಕೊಂಡರು. ಕರ್ಮಗಳೆಲ್ಲ ಮುಗಿದು ನೆಂಟರು ಊರು ಸೇರಿದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ, ರಾಯರು ಮತ್ತು ಮೊಲ.

ಹಗಲು ಹೇಗೋ ಕಚೇರಿಯಲ್ಲಿ ಕಳೆಯುತ್ತಿತ್ತು. ಸಂಜೆಯೇ ಕಷ್ಟ. “ಕೀಲಿ ತಗದು ಒಳಗ ಕಾಲಿಟ್ರ ಮನಿ ಅನ್ನೋದು ಒಂದ್ ಸಪ್ಪಳ ಮಾಡಂಗಿಲ್ಲ ನೋಡ್ರಿ,” ಎಂದು ಒಮ್ಮೆ ಹೇಳಿದರು. ಅವರು ಅಷ್ಟು ಹೇಳಿದ್ದೇ ಹೆಚ್ಚು. ಆಗಲೇ ಅವರಿಗೆ ಮೊಲದ ನೆನಪಾದದ್ದು. ಇಡೀ ಸಂಜೆ ಓಡುತ್ತದೆ, ಹಾರುತ್ತದೆ ಎಂದು ಹೆಂಡತಿ ಹೇಳುತ್ತಿದ್ದಳಲ್ಲ, ಅದಾದರೂ ಮನೆಯಲ್ಲಿ ಓಡಾಡಲಿ ಎಂದುಕೊಂಡರು. ಆದರೆ ಸೋನ್ಯಾ ಓಡಲಿಲ್ಲ. ಸಂಜೆ ಅವರು ಸಂಧ್ಯಾವಂದನೆ ಮುಗಿಸಿ ಬಂದು ನೋಡಿದರೆ ಪಂಜರದ ಮೂಲೆಯಲ್ಲಿ ಮುದುಡಿ ಕೂತಿರುತ್ತಿತ್ತು. ಬಾಗಿಲು ತೆರೆದಿಟ್ಟರೂ ಹೊರಗೆ ಬರುತ್ತಿರಲಿಲ್ಲ.

ನಾನು ಸಲಹೆ ಕೊಡುವುದರಲ್ಲಿ ಎತ್ತಿದ ಕೈ. ಕಮಲಾಪುರದ ಕೆಂಬಾಳೆಹಣ್ಣು ಹಾಕಿ, ಯಾವ ಪ್ರಾಣಿಯಾದರೂ ಕುಣಿಯುತ್ತದೆ ಎಂದೆ. ರಾಯರು ದಿನಕ್ಕೊಂದು ಹಣ್ಣು ಹಾಕಿದರು. ಮೊಲ ತಿಂದಿತು, ಹೊಟ್ಟೆ ಕೆಡಿಸಿಕೊಂಡಿತು, ಮತ್ತಷ್ಟು ಮುದುಡಿತು. ದನದ ದವಾಖಾನೆಯ ಡಾಕ್ಟರು ರಾಯರನ್ನು ಚೆನ್ನಾಗಿ ಬೈದರು. ಸಿಹಿ ಹಾಕಬಾರದು, ಒಣಹುಲ್ಲು ಸದಾ ಮುಂದಿರಬೇಕು, ನುಣುಪು ಫರಸಿಕಲ್ಲಿನ ನೆಲದ ಮೇಲೆ ಮೊಲದ ಕಾಲು ಜಾರುತ್ತದೆ, ಏನಾದರೂ ಹಾಸಬೇಕು. “ಮೈಗೇನೂ ಆಗಿಲ್ರಿ. ಮೊಲ ಓಡಾಡೋದೇ ನಸುಕಿನ್ಯಾಗ ಮತ್ತ ಸಂಜೀಕ. ಆ ಹೊತ್ತಿನ್ಯಾಗೇ ಕುಂತದ ಅಂದ್ರ ಮನಸಿಗಿ ಏನೋ ಹತ್ತಿರಬೇಕು,” ಎಂದರಂತೆ.

ಅಂದಿನಿಂದ ಹುಲ್ಲಿನ ಕಟ್ಟು ಬಸ್ಸಿಗೆ ಬಂತು. ಹುಲ್ಲು ಕೊಡುತ್ತಿದ್ದವನು ನನ್ನ ಅಕ್ಕನ ಗಂಡ ಗುರುಲಿಂಗಪ್ಪ. ಕಮಲಾಪುರದಲ್ಲಿ ಅವನದು ಬಾಳೆತೋಟ, ತೋಟದ ಮನೆಯಲ್ಲಿ ಐದಾರು ಮೊಲಗಳೂ ಇವೆ. ರಾಯರು ಪಡಸಾಲೆಯ ಫರಸಿಗೆ ಜಮಖಾನ ಹಾಸಿದರು. ಕಚೇರಿಯ ಖಾಲಿ ರಟ್ಟಿನ ಡಬ್ಬಿಗೆ ಎರಡು ಕಡೆ ತೂತು ಕೊರೆದು ಸುರಂಗ ಮಾಡಿದರು. ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಲೆ ಮಾರುವ ನಬಿಸಾಬ್ ಕೊತ್ತಂಬರಿ ಕಟ್ಟನ್ನು ಕೈಗಿಡುತ್ತ ದಿನಾ ವಿಚಾರಿಸುತ್ತಿದ್ದ: “ಖರಗೋಷ್ ಉಠಾ ಕ್ಯಾ, ರಾವ್ ಸಾಬ್?” ಮೊಲ ಇನ್ನೂ ಎದ್ದಿಲ್ಲ ಎಂದು ರಾಯರು ತಲೆಯಾಡಿಸುತ್ತಿದ್ದರು. ಪಂಜರದ ಮುಂದೆ ಕುರ್ಚಿ ಹಾಕಿಕೊಂಡು, ಯಾರಾದರೂ ಕೇಳಿಸಿಕೊಂಡಾರೆಂದು ಬಾಗಿಲು ಮುಚ್ಚಿ, ಹೆಂಡತಿ ಕರೆಯುತ್ತಿದ್ದಂತೆಯೇ ಮರಾಠಿಯಲ್ಲಿ “ಯೇ ರೇ ಸೋನ್ಯಾ” ಎಂದು ಕರೆದೂ ನೋಡಿದರಂತೆ. ಇದನ್ನು ನನಗೆ ಹೇಳುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು.

ಎರಡು ತಿಂಗಳು ಹೀಗೆಯೇ ಆಯಿತು. ಒಂದು ಶುಕ್ರವಾರ ಬಸ್ಸಿನಲ್ಲಿ ಅವರೇ ಮಾತು ತೆಗೆದರು. “ಅಮರನಾಥ ಅವ್ರ, ಮೊಲ ನಿಮ್ಮ ಅಕ್ಕನೋರ ತ್ವಾಟಕ್ಕ ಬಿಟ್ಟುಬಿಡ್ರಿ. ಜೋಡಿ ಮೊಲ ಅವ ಅಂತೀರಿ. ನನ್ನ ಮನ್ಯಾಗ ಅದೂ ಕುಂತಲ್ಲೇ ಹೋತಂದ್ರ ನನಗ ತಡಕೊಳ್ಳಿಕ್ಕೆ ಆಗಂಗಿಲ್ಲ.”

“ಆತ್ರಿ, ನಾಳಿ ಎರಡನೇ ಶನಿವಾರ, ಸಂಜೀಗೆ ಬರ್ತೀನಿ,” ಎಂದೆ. ಒಳ್ಳೆಯದೇ ಆಯಿತು ಎಂದು ನನಗನ್ನಿಸಿತು. ಮೊಲಕ್ಕಾಗಿ ಅಲ್ಲ, ದಿನಾ ಹುಲ್ಲಿನ ಕಟ್ಟಿನ ಪಕ್ಕ ಒತ್ತಿಕೊಂಡು ಕೂರುವುದು ತಪ್ಪಿತಲ್ಲ ಎಂದು. ಹೀಗೆ ಯೋಚಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಶನಿವಾರ ಹೊತ್ತು ಮುಳುಗುವ ಸಮಯಕ್ಕೆ ಬುಟ್ಟಿ ಹಿಡಿದುಕೊಂಡು ಹೋದೆ. ರಾಯರು ಆಗಲೇ ಸ್ನಾನ ಮಾಡಿ ಮಡಿ ಉಟ್ಟಿದ್ದರು. “ಕೂಡ್ರಿ, ಸಂಧ್ಯಾವಂದನಿ ಮುಗಿಸಿ ಬರ್ತೀನಿ. ಆಮ್ಯಾಲ ಒಯ್ಯೀರಂತ,” ಎಂದು ಪಡಸಾಲೆಯ ಆ ತುದಿಯಲ್ಲಿ ಪಡುವಣಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂತರು. ನನಗೆ ಬೆನ್ನು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ.

ಆಗ ನೋಡುತ್ತೇನೆ, ಮೊಲ ಹೊರಗೇ ಇದೆ! ರಟ್ಟಿನ ಡಬ್ಬಿಯ ಹಿಂದಿನಿಂದ ಮೂಗು ಕುಣಿಸುತ್ತ ಬಂತು. ಜಮಖಾನದ ಮೇಲೆ ನಾಲ್ಕು ಹೆಜ್ಜೆ ಹಾಕಿತು. ನನ್ನ ಕಾಲ ಬೆರಳು ಮೂಸಿತು. ಇಷ್ಟು ಚುರುಕಿರುವ ಪ್ರಾಣಿಯನ್ನು ಈ ಮನುಷ್ಯ ಸಾಯುತ್ತದೆ ಎನ್ನುತ್ತಾನಲ್ಲ ಎಂದುಕೊಳ್ಳುವಷ್ಟರಲ್ಲಿ ರಾಯರು ಆಚಮನಕ್ಕೆಂದು ಉದ್ಧರಣೆ ಎತ್ತಿಕೊಂಡರು. ತಾಮ್ರದ ಆ ಸಣ್ಣ ಚಮಚ ಪಂಚಪಾತ್ರೆಯ ಅಂಚಿಗೆ ತಾಗಿ ಟಣ್ ಎಂದಿತು.

ಸೋನ್ಯಾನ ಕಿವಿ ನೆಟ್ಟಗಾಯಿತು. ಹೊರಳಿ, ಸೀದಾ ಹೋಗಿ, ಪಂಜರದೊಳಗೆ ಹೊಕ್ಕು, ಮೂಲೆಯಲ್ಲಿ ಮುದುಡಿ ಕೂತಿತು. ಯಾರೂ ಗದರಿಸಲಿಲ್ಲ, ಯಾರೂ ಮುಟ್ಟಲಿಲ್ಲ.

ರಾಯರು ಮುಗಿಸಿ ಏಳುವವರೆಗೆ ನಾನು ನಗು ತಡೆದುಕೊಂಡಿದ್ದೆ. “ಏನ್ರೀ ರಾಯರ, ನಿಮ್ಮ ಮೊಲಕ್ಕ ಭಾರಿ ಶಿಸ್ತು ಕಲಿಸೀರಿ! ಚಮಚ ಸಪ್ಪಳ ಕೇಳಿದ್ದೇ ತಡ, ತಾನೇ ಜೇಲಿಗೆ ಹೋಗಿ ಕುಂತದಲ್ರೀ,” ಎಂದು ಕಂಡದ್ದನ್ನೆಲ್ಲ ಹೇಳಿದೆ.

ಅವರು ನಗಲಿಲ್ಲ. ಪಂಚಪಾತ್ರೆ ಕೈಯಲ್ಲೇ ಇತ್ತು. ಅಲ್ಲೇ ನೆಲದ ಮೇಲೆ ಕೂತು ಹೇಳತೊಡಗಿದರು.

ಮೊಲ ತಂದ ಹೊಸತರಲ್ಲಿ ಒಂದು ಸಂಜೆ ಅದು ಓಡುತ್ತ ಬಂದು ಅವರ ಮಡಿಪಂಚೆಯ ಮೇಲೆ ಹಾರಿಹೋಗಿತ್ತಂತೆ. ಮತ್ತೆ ಸ್ನಾನ ಮಾಡಬೇಕಾಯಿತು. “ನಾ ಸಂಧ್ಯಾವಂದನಿಗಿ ಕೂಡೋ ಹೊತ್ತಿಗೆ ಇದು ಒಳಗಿರಬೇಕು” ಎಂದು ಹೆಂಡತಿಗೆ ತಾಕೀತು ಮಾಡಿದ್ದರು. ಅಂದಿನಿಂದ ಉದ್ಧರಣೆಯ ಸಪ್ಪಳವಾದೊಡನೆ ಶುಭದಾ ಮೊಲವನ್ನು ಎತ್ತಿ ಪಂಜರದೊಳಗೆ ಹಾಕುತ್ತಿದ್ದರು. ರಾಯರು ಕಚೇರಿಯಿಂದ ಬರುವುದು ಆರೂವರೆಗೆ, ಮಣೆಯ ಮೇಲೆ ಕೂರುವುದು ಆರೂ ಮುಕ್ಕಾಲಿಗೆ. ಭಾನುವಾರ ಸಂಜೆ ಮಠದ ಪ್ರವಚನ. ಆ ಒಂದು ಸಂಜೆ ಬಿಟ್ಟರೆ ನಾಲ್ಕು ವರ್ಷದಲ್ಲಿ ಮೊಲ ಓಡುವುದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

“ಬರೇ ಮೊಲ ಅಲ್ರೀ,” ಎಂದರು ರಾಯರು. “ಈ ಸಪ್ಪಳ ಕೇಳಿದ್ರ ಆಕಿನೂ ಟಿವಿ ಬಂದ್ ಮಾಡ್ತಿದ್ಳು. ಹಿತ್ತಲ ಬಾಗಿಲದಾಗ ಹೋಗಿ ಸುಮ್ಮ ಕೂಡ್ತಿದ್ಳು. ಇಪ್ಪತ್ತೆಂಟು ವರ್ಷ. ಮನಿ ಶಾಂತ ಅದ ಅಂತ ನನಗ ಸಮಾಧಾನ ಆಗ್ತಿತ್ತು.”

ನನ್ನ ಬುಟ್ಟಿ ಖಾಲಿಯೇ ಮರಳಿತು.

ಸೋಮವಾರ ಬಸ್ಸಿನಲ್ಲಿ ಕೇಳಿದೆ, ಮುಂದೇನು ಮಾಡುತ್ತೀರಿ ಎಂದು. ಮನೆಗೆ ಬಂದ ಕೂಡಲೇ ಮಣೆಗೆ ಹೋಗುವುದಿಲ್ಲ, ಅರ್ಧ ಗಂಟೆ ಮೊಲದ ಹತ್ತಿರ ಕೂರುತ್ತೇನೆ, ಸಂಧ್ಯಾವಂದನೆ ಆಮೇಲೆ ಎಂದರು. ನನಗೆ ಆಶ್ಚರ್ಯವಾಯಿತು. ಬಸ್ಸು ತಡವಾದರೆ ಸಂಧ್ಯಾಕಾಲ ತಪ್ಪಿತೆಂದು ಡ್ರೈವರನ ಮೇಲೆ ಸಿಡುಕುವ ಮನುಷ್ಯ ಇವರು.

“ಹೊತ್ತು ಮೀರಿದ್ರ ನಡೀತದೇನ್ರಿ?” ಎಂದೆ.

“ಶಾಸ್ತ್ರದಾಗೇ ಅದರೀ. ಕಾಲ ಮೀರಿದ್ರ ಪ್ರಾಯಶ್ಚಿತ್ತಕ್ಕ ಒಂದು ಅರ್ಘ್ಯ ಹೆಚ್ಚಿಗಿ ಕೊಡಬೇಕು, ಅಷ್ಟೇ. ಒಂದು ಬೊಗಸಿ ನೀರು.” ಕಟ್ಟಿನಿಂದ ಹೊರಬಿದ್ದ ಹುಲ್ಲೆಳೆಯನ್ನು ಒಳಗೆ ಸಿಕ್ಕಿಸುತ್ತ, “ಸಣ್ಣಂದಿನಿಂದ ಗೊತ್ತಿತ್ತು ನನಗ,” ಎಂದರು. ಆ ದಿನ ಶಹಾಬಜಾರ ಬರುವವರೆಗೂ ಕಟ್ಟಿನ ಅರ್ಧ ಭಾರವನ್ನು ನಾನು ನನ್ನ ತೊಡೆಯ ಮೇಲೆ ಎಳೆದುಕೊಂಡು ಕೂತೆ.

ಕುರ್ಚಿ ಬಿಟ್ಟು ನೆಲದ ಮೇಲೆ ಕೂರತೊಡಗಿದರು. ಮಂಡಿನೋವಿನವರು, ಎದ್ದೇಳುವಾಗ ಗೋಡೆ ಹಿಡಿಯಬೇಕು. ಕರೆಯುತ್ತಿರಲಿಲ್ಲ, ಮುಟ್ಟಲು ಹೋಗುತ್ತಿರಲಿಲ್ಲ. ಕೊತ್ತಂಬರಿಯ ನಾಲ್ಕು ದಂಟು ಜಮಖಾನದ ಮೇಲಿಟ್ಟು ಪೇಪರ್ ಓದುತ್ತಿದ್ದರು. ಸಂಧ್ಯಾವಂದನೆಯ ಮಣೆಯನ್ನು ಹಿತ್ತಿಲಿಗೆ ಒಯ್ದರು, ಚಮಚದ ಸಪ್ಪಳ ಪಡಸಾಲೆಗೆ ಕೇಳಬಾರದೆಂದು. ಅವರು ಬಂದರೆ ಚಮಚದ ಸಪ್ಪಳವಾಗುತ್ತದೆ ಎಂದೇ ಕಲಿತಿದ್ದ ಮೊಲ ಐದು ದಿನ ಪಂಜರ ಬಿಟ್ಟು ಬರಲಿಲ್ಲ. ಆರನೆಯ ದಿನ ಮೂಗು ಹೊರಬಂತು. ಒಂಬತ್ತನೆಯ ದಿನ ಒಂದು ದಂಟು ಕಚ್ಚಿಕೊಂಡು ಒಳಗೆ ಓಡಿತು. ಈ ವರದಿಯೆಲ್ಲ ನನಗೆ ಬೆಳಗಿನ ಬಸ್ಸಿನಲ್ಲಿ ಸಿಗುತ್ತಿತ್ತು. ನಾನೂ ಕಾಯತೊಡಗಿದ್ದೆ.

ಮೂರು ವಾರದ ನಂತರ ಒಂದು ರಜೆಯ ಸಂಜೆ ಸೂಪರ್ ಮಾರ್ಕೆಟ್‌ನಲ್ಲಿ ಆಟೋಗಳ ನಡುವೆ ಸಿಕ್ಕಿಕೊಂಡಿದ್ದೆ. ರಾಯರ ಫೋನ್ ಬಂತು. “ಬರ್ತೀರೇನ್ರಿ?” ಎಂದಷ್ಟೇ ಕೇಳಿದರು. ಆರು ವರ್ಷದಲ್ಲಿ ಅವರು ನನ್ನನ್ನು ತಾವಾಗಿ ಕರೆದದ್ದು ಅದೇ ಮೊದಲು. ಕೊಂಡ ಸಾಮಾನನ್ನು ನಬಿಸಾಬ್‌ನ ಅಂಗಡಿಯಲ್ಲೇ ಬಿಟ್ಟು ಹೋದೆ.

ಬಾಗಿಲು ತೆರೆದಿತ್ತು. ದೀಪ ಹಾಕಿರಲಿಲ್ಲ. ರಾಯರು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು, ಅವರ ಪಾದದ ಪಕ್ಕದಲ್ಲಿ ಸೋನ್ಯಾ ಉದ್ದಕ್ಕೆ ಮೈಚಾಚಿ ಮಲಗಿತ್ತು. ನನ್ನನ್ನು ನೋಡಿ ಎದ್ದಿತು. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಓಡಿತು, ಡಬ್ಬಿಯೊಳಗೆ ನುಗ್ಗಿ ಆಚೆಯಿಂದ ಹೊರಬಿತ್ತು. ಜಮಖಾನದ ನಟ್ಟನಡುವೆ ಒಮ್ಮೆಲೇ ಮೇಲೆ ಜಿಗಿಯಿತು. ಗಾಳಿಯಲ್ಲೇ ಮೈ ಹೊರಳಿಸಿತು. ತಲೆ ಒಂದು ಕಡೆ, ಕಾಲು ಒಂದು ಕಡೆ.

ಕಚೇರಿಯಲ್ಲಿ ನಾನು ಎಷ್ಟು ಸಲ “ಸೋನ್ಯಾನ ಜಿಗಿತ” ಎಂದು ನಕ್ಕಿದ್ದೆ ಎಂಬುದು ನೆನಪಾಗಿ ನನ್ನ ಮುಖ ಬಿಸಿಯಾಯಿತು.

“ನಾಕು ವರ್ಷ ಹೇಳಿದ್ಳು ರೀ,” ಎಂದರು ರಾಯರು. “ದಿನಾ ಹೇಳಿದ್ಳು. ಒಂದಿನಾನೂ ನಾ ಹೌದನ್ನಲಿಲ್ಲ. ಒಂದಿನ ಆಫೀಸಿಗಿ ರಜಾ ಹಾಕಿ ನೋಡೋಣು ಅನ್ನಲಿಲ್ಲ. ಈಗ ಯಾರಿಗಿ ಹೇಳ್ಲಿ?”

“ಅವ್ರಿಗೇ ಹೇಳ್ರಿ,” ಎಂದೆ.

ಅವರು ಗೋಡೆ ಹಿಡಿದು ಎದ್ದರು. ಹಿತ್ತಲ ಬಾಗಿಲ ತನಕ ಹೋದರು. ಶುಭದಾ ಕೂರುತ್ತಿದ್ದ ಹೊಸ್ತಿಲಿನ ಮುಂದೆ ನಿಂತರು.

“ಖರೇನೇ ಹಾರ್ತದ, ಶುಭದಾ,” ಎಂದರು.