ಬುರ್ಗಿಯ ದಾರಿಪಟ್ಟಿ

ಬುರ್ಗಿ ದಾರಿಪಟ್ಟಿ ಬರೆಯುವುದು ಪೆನ್ಸಿಲಿನಲ್ಲಿ. ಮೂವತ್ತೊಂದು ವರ್ಷಗಳಿಂದ ಹಾಗೇ. ಇನ್ಸ್‌ಬ್ರುಕ್ಕಿನಿಂದ ಗಡಿಯಾಚೆಯ ಬೋಟ್ಸನ್ನಿಗೆ ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಸಾಕು. ಅದೇ ಊರಿಗೆ ಇಡೀ ದಿನ ಹಿಡಿಯುವ ಹಾಗೆ, ಹಳೇ ರಸ್ತೆಯಲ್ಲಿ, ಯೌಫನ್ ಘಾಟಿ ಹತ್ತಿಸಿ ಇಳಿಸಿ, ತಾನೇ ವ್ಯಾನ್ ಓಡಿಸಿಕೊಂಡು ಪ್ರವಾಸಿಗರನ್ನು ಕರೆದೊಯ್ಯುವುದು ಅವಳ ಕೆಲಸ. ಯಾವ ತಿರುವಿನಲ್ಲಿ ಎಷ್ಟು ಹೊತ್ತಿಗೆ ಬಿಸಿಲು ಕಿಟಕಿಗೆ ಬೀಳುತ್ತದೆ, ಯಾವ ಹೋಟೆಲಿನಲ್ಲಿ ಹೆಂಗಸರ ಶೌಚಾಲಯಕ್ಕೆ ಸಾಲು ನಿಲ್ಲಬೇಕಾಗುತ್ತದೆ, ಎಲ್ಲವೂ ಅವಳ ತಲೆಯಲ್ಲಿತ್ತು. ಘಾಟಿಯ ನೆತ್ತಿಯಲ್ಲಿ ಮಾತ್ರ ಅವಳು ಇಳಿಯುತ್ತಿರಲಿಲ್ಲ. ಗಿರಾಕಿಗಳು ಹದಿನೈದು ನಿಮಿಷ ಬೆಟ್ಟ ನೋಡಿ ಬರುವಷ್ಟರಲ್ಲಿ ಅವಳು ಸೀಟಿನಲ್ಲೇ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದಳು.

ಈ ಸಲದ್ದು ಸೆಪ್ಟೆಂಬರಿನ ಮೂರನೇ ಶನಿವಾರ. ಹಾಲೆಂಡಿನ ಹದಿನಾಲ್ಕು ಮಂದಿ, ಎಲ್ಲರೂ ಎಪ್ಪತ್ತರ ಆಚೆಯವರು. ಪಟ್ಟಿಯ ಮೂರನೇ ಸಾಲು: ಹನ್ನೊಂದು ಗಂಟೆ, ನಾವಿಸ್ ಕಣಿವೆ, ಹೂಕಿರೀಟ ತೊಟ್ಟ ಹಸುಗಳು ಬೆಟ್ಟ ಇಳಿಯುವುದು. ಆ ಹಸುಗಳು ಅವಳ ಅಣ್ಣ ಕಾಸಿಯಾನನವು. ಕಿರೀಟಗಳು ಬುರ್ಗಿಯವು. ಆಗಸ್ಟ್ ಪೂರ್ತಿ ಕೆಲಸ ಮುಗಿಸಿ ಬಂದು, ಅಡುಗೆಮನೆಯ ಮೇಜಿನ ಮೇಲೆ ಕಾಗದದ ಗುಲಾಬಿ ಸುತ್ತಿ ಸುತ್ತಿ ಅವಳ ಬೆರಳ ತುದಿ ಕೆಂಪಾಗಿತ್ತು.

ಸೋಮವಾರ ಕಾಸಿಯಾನ್ ಫೋನ್ ಮಾಡಿದ. ಅವನದು ಯಾವಾಗಲೂ ಅಳೆದ ಮಾತು.

"ಒಂದು ಹೋಯ್ತು ಕಣೆ. ಈ ಸಲ ಹೂವಿಲ್ಲ."

"ಯಾವಾಗ?"

"ಹೋದ ವಾರ ಹಿಮ ಬಿತ್ತಲ್ಲ, ಆಗ. ಇಡ್ತೀನಿ, ಹಾಲು ಕರೀಬೇಕು."

ಬೇಸಿಗೆಗೆ ಮೇಲಿನ ಹುಲ್ಲುಗಾವಲಿಗೆ ಹೋದ ಮಂದೆ ಒಂದೂ ಕಡಿಮೆಯಾಗದೆ ಹಿಂದಿರುಗಿದರೆ ಮಾತ್ರ ಹೂವು, ದೊಡ್ಡ ಗಂಟೆ, ಊರಿಗೆಲ್ಲ ಕರಿದ ಸಿಹಿ. ಒಂದು ಸತ್ತರೂ ಉಳಿದವು ಬರಿತಲೆಯಲ್ಲಿ ಇಳಿದು ಕೊಟ್ಟಿಗೆ ಸೇರುತ್ತವೆ. ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

ಆಫೀಸಿನ ವೆರೆನಾಳಿಗೆ ಮಾತ್ರ ಹೇಳಬೇಕಾಯಿತು. ಮೂವತ್ತರ ಹುಡುಗಿ, ವಿಯೆನ್ನಾದಲ್ಲಿ ಓದಿ ಬಂದವಳು, ಈಗ ಬುರ್ಗಿಯ ಮೇಲಧಿಕಾರಿ.

"ಬುರ್ಗಿ, ಜಾಹೀರಾತಿನ ಮೇಲೆ ಇರೋದೇ ಆ ಹೂವಿನ ಹಸು. ಅವರು ದುಡ್ಡು ಕೊಟ್ಟಿರೋದೂ ಅದಕ್ಕೇ."

"ಸತ್ತಿದೆಯಮ್ಮ ಒಂದು."

"ಹಾಲೆಂಡಿನವರಿಗೆ ಹೇಗೆ ಗೊತ್ತಾಗತ್ತೆ? ಕಿರೀಟ ರೆಡಿ ಇದೆ ಅಂದ್ರಿ. ಕಟ್ಟಿದ್ರಾಯ್ತು."

ವೆರೆನಾ ದನಿ ತಗ್ಗಿಸಿದಳು. ಅವಳೇನೂ ಕೆಟ್ಟವಳಲ್ಲ.

"ನೋಡಿ, ನಿಮ್ಮ ಈ ಹಳೇ ರಸ್ತೆ ಪ್ರವಾಸ ನಿಲ್ಲಿಸಿ ಅಂತ ಎರಡು ವರ್ಷದಿಂದ ಯಜಮಾನರು ಪಟ್ಟು ಹಿಡಿದು ಕೂತಿದಾರೆ. ಹೆದ್ದಾರಿಲಿ ಸೀದಾ ಬೋಟ್ಸನ್, ಅಲ್ಲಿ ಮೂರು ಗಂಟೆ ಅಂಗಡಿ ಬೀದಿ, ವಾಪಸ್. ಅದಕ್ಕೆ ನೀವು ಬೇಕಾಗಲ್ಲ, ಯಾರಾದ್ರೂ ಓಡಿಸ್ತಾರೆ. ಹಸು ಇದೆ ಅಂತಲೇ ನಾನು ಇದನ್ನ ಉಳಿಸ್ಕೊಂಡಿರೋದು. ನಿಮ್ಮ ಅಣ್ಣನ್ನ ಒಂದು ಮಾತು ಕೇಳಿ."

ಬುರ್ಗಿಯ ಪಿಂಚಣಿಗೆ ಇನ್ನೂ ಹದಿನೆಂಟು ತಿಂಗಳಿತ್ತು. ಈ ವಯಸ್ಸಿನಲ್ಲಿ ಕೆಲಸ ಕೇಳಿಕೊಂಡು ಬೇರೆಯವರ ಬಾಗಿಲಿಗೆ ಹೋಗಿ ನಿಲ್ಲುವುದು ಅವಳಿಗೆ ಬೇಡವಾಗಿತ್ತು.

ಬುಧವಾರ ಕಿರೀಟಗಳ ಪೆಟ್ಟಿಗೆಯನ್ನು ವ್ಯಾನಿನ ಹಿಂದಿಟ್ಟುಕೊಂಡು ನಾವಿಸಿಗೆ ಹತ್ತಿದಳು. ಮಾಟ್ರಾಯ್ ಊರು ದಾಟಿದ ಮೇಲಿನ ಪ್ರತಿ ತಿರುವೂ ಕೈಗೆ ಗೊತ್ತಿತ್ತು. ಕೈಗಳು ತಾವೇ ಓಡಿಸಿದವು. ಅವಳು ಅಣ್ಣನಿಗೆ ಹೇಳುವ ಮಾತು ಜೋಡಿಸುತ್ತಿದ್ದಳು. 'ಒಂದೇ ಸಲ ಕಣೋ. ನಂಗೋಸ್ಕರ. ಮುಂದೆ ನಡೆಯೋ ಐದಾರು ಹಸುಗೆ ಮಾತ್ರ ಕಟ್ಟೋಣ.'

ಕಾಸಿಯಾನ್ ಅಡುಗೆಮನೆಯಲ್ಲಿ ಒಬ್ಬನೇ ಊಟಕ್ಕೆ ಕೂತಿದ್ದ. ಹುಳಿ ಬೂದು ಚೀಸಿನ ಮೇಲೆ ಈರುಳ್ಳಿ, ವಿನೆಗರ್. ಇನ್ನೊಂದು ತಟ್ಟೆ ಅವಳ ಕಡೆ ತಳ್ಳಿದ.

"ತಿನ್ನು. ಸಿಟಿಯವರು ಗಾಳಿ ಕುಡ್ಕೊಂಡು ಬದುಕ್ತೀರಿ."

"ನೀನು ಚೀಸ್ ತಿಂದು ತಿಂದು ಅದೇ ಬಣ್ಣಕ್ಕೆ ಬಂದಿದೀಯ."

ಅವನು ನಕ್ಕ. ಅವಳು ಎರಡು ತುತ್ತು ತಿಂದಳು. ಆಮೇಲೆ ದಾರಿಯುದ್ದಕ್ಕೂ ಜೋಡಿಸಿದ ಮಾತನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ, ಬ್ರೆಡ್ಡಿನ ಚಾಕುವನ್ನೇ ನೋಡಿದಳು.

ಕಾಸಿಯಾನ್ ತಟ್ಟೆಯ ವಿನೆಗರನ್ನು ಬ್ರೆಡ್ಡಿನಿಂದ ಒರೆಸಿ ಬಾಯಿಗಿಟ್ಟುಕೊಂಡ. ನಿಧಾನವಾಗಿ ಅಗಿದ.

"ಕಟ್ಟೋದಾದ್ರೆ ನೀನೇ ಕಟ್ಟು. ನಾನು ಬೇಡ ಅನ್ನಲ್ಲ."

"ನಿಂಗೆ ಬೇಜಾರಿಲ್ವಾ?"

"ನಾನ್ಯಾರು ಹೇಳೋಕೆ? ಹೋಗಿದ್ದು ಎಂಜಿ."

ಅವಳು ಚಾಕುವನ್ನು ಸರಿಸಿ ಇಟ್ಟಳು.

ಹೊಲ, ಮನೆ, ಕಾಡು ಎಲ್ಲ ದೊಡ್ಡವನಿಗೆ, ಅದು ಇಲ್ಲಿನ ಪದ್ಧತಿ. ಹೆಣ್ಣುಮಗಳಿಗೆ ಅಪ್ಪ ಕೊಟ್ಟದ್ದು ಒಂದು ಬೂದು ಹೆಣ್ಣುಕರು. ಹೆಸರು ಎಂಜಿ. ಬುರ್ಗಿಗೆ ಆಗ ಇಪ್ಪತ್ತು. ಸಿಟಿಯ ಎರಡನೇ ಮಹಡಿಯಲ್ಲಿ ಹಸು ಕಟ್ಟುವುದೆಲ್ಲಿ? ಅದು ಇಲ್ಲೇ ಉಳಿಯಿತು. ಅದರ ಮಗಳೂ ಎಂಜಿ, ಅದರ ಮಗಳೂ, ಹೀಗೆ ಈಗ ಸತ್ತದ್ದರವರೆಗೆ. ಕಾಸಿಯಾನ್ ಪ್ರತಿ ಕ್ರಿಸ್‌ಮಸ್ಸಿಗೆ ಎಂಜಿಯ ಹಾಲಿನದೆಂದು ಒಂದು ಉಂಡೆ ಬೆಣ್ಣೆ ತಂದುಕೊಡುತ್ತಿದ್ದ. ಈ ಮನೆಯಲ್ಲಿ ಅವಳದು ಅಂತ ಇದ್ದದ್ದು ಅಷ್ಟೇ.

"ಫೋನಲ್ಲಿ ಯಾಕೆ ಹೇಳ್ಲಿಲ್ಲ?"

"ಫೋನಲ್ಲಿ ಹೇಳೋ ಮಾತೇನೇ ಅದು?" ಅವನು ಎದ್ದು ಕಿಟಕಿಯ ಹತ್ತಿರ ಹೋದ. "ಹಿಮದ ಮೇಲೆ ಜಾರಿ ಕಲ್ಲುರಾಶಿಗೆ ಬಿದ್ದಿತ್ತು. ನಾನು ಹೋಗೋ ಹೊತ್ತಿಗೆ ಮುಗಿದಿತ್ತು. ಹೆಲಿಕಾಪ್ಟರ್ ಬಂದು ಬಲೆಯಲ್ಲಿ ಎತ್ಕೊಂಡು ಹೋಯ್ತು. ಉಳಿದವೆಲ್ಲ ಮೇಯೋದು ಬಿಟ್ಟು ಕತ್ತೆತ್ತಿ ನೋಡಿದ್ವು."

"ಅವಳಿಗೆ ಮಗಳು?"

"ಇಲ್ಲ. ಎರಡೂ ಸಲ ಹೋರಿಕರು."

ಬುರ್ಗಿಗೆ ಅಳು ಬರಲಿಲ್ಲ. ಬರೀ ದಣಿವು ಬಂತು, ಬೆನ್ನಿನ ಕೆಳಗಿಂದ ಶುರುವಾಗಿ ಕಣ್ಣಿನವರೆಗೆ. ಹದಿನೆಂಟು ತಿಂಗಳು. ವ್ಯಾನಿನಲ್ಲಿ ಇಪ್ಪತ್ತೆರಡು ಕಿರೀಟ. ಅವುಗಳಲ್ಲಿ ಒಂದನ್ನು ಎಂಜಿಗೆಂದು ನೀಲಿ ಕಾಗದದಲ್ಲಿ ಮಾಡಿದ್ದಳು.

ಅವಳು ಚೀಲದಿಂದ ದಾರಿಪಟ್ಟಿ ತೆಗೆದಳು.

"ಹೂವಿಲ್ದೆ, ಗಂಟೆ ಇಲ್ದೆ ಇಳಿದ್ರೆ ಎಷ್ಟು ಹೊತ್ತಿಗೆ ಬರ್ತವೆ?"

ಕಾಸಿಯಾನ್ ತಿರುಗಿ ನೋಡಿದ. "ತಲೆ ಮೇಲೆ ಭಾರ ಇಲ್ವಲ್ಲ. ಬೇಗ ಬರ್ತವೆ. ಹತ್ತೂವರೆ ದಾಟಿ ಐದು ನಿಮಿಷ."

ಅವಳು ಮೂರನೇ ಸಾಲನ್ನು ರಬ್ಬರಿನಿಂದ ಅಳಿಸಿ ಬರೆದಳು: ಹತ್ತು ಮೂವತ್ತೈದು, ನಾವಿಸ್. ಹಸುಗಳು ಬೆಟ್ಟ ಇಳಿಯುವುದು. ಒಂದು ಸತ್ತಿರುವುದರಿಂದ ಹೂವು ಇರುವುದಿಲ್ಲ. ಆಮೇಲೆ ಅಲ್ಲೇ ಕೂತು ವೆರೆನಾಳಿಗೆ ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದಳು.

"ಹೀಗಂತ ಬರೆದು ಗಿರಾಕಿಗಳ ಕೈಗೆ ಕೊಡ್ತೀರಾ?"

"ಹೂಂ."

"ಬುರ್ಗಿ, ಮುಂದಿನ ವರ್ಷ ನಾನು ಏನೂ ಮಾಡೋಕಾಗಲ್ಲ ಹಾಗಾದ್ರೆ."

"ಗೊತ್ತಮ್ಮ. ಇಪ್ಪತ್ತೈದು ನಿಮಿಷ ಬೇಗ ಹೊರಡ್ಬೇಕು, ಹೋಟೆಲಿಗೆ ಹೇಳಿಬಿಡು."

"ಅವರು ಅಷ್ಟು ಬೇಗ ಏಳ್ತಾರಾ?"

"ಆ ವಯಸ್ಸಿಗೆ ಐದಕ್ಕೇ ಎದ್ದು ಕೂತಿರ್ತಾರೆ. ನನ್ನ ಕೇಳು."

ವೆರೆನಾ ಸರಿ ಅಂದಳು, ಫೋನ್ ಇಟ್ಟಳು.

ಕಾಸಿಯಾನ್ ಹೊರಗೆ ಹೋಗಿ, ವ್ಯಾನಿನ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ಅಟ್ಟಕ್ಕೆ ಹತ್ತಿದ. ಅವನ ಹೆಜ್ಜೆಗೆ ತೊಲೆಗಳು ಕಿರುಗುಟ್ಟಿದವು. ಬುರ್ಗಿ ಪೆನ್ಸಿಲಿನ ಮೊನೆಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು ಮುಂದಿನ ಸಾಲುಗಳನ್ನು ಒಂದೊಂದಾಗಿ ಇಪ್ಪತ್ತೈದು ನಿಮಿಷ ಮುಂಚೆಗೆ ಸರಿಸಿದಳು. ಬ್ರೆನ್ನರ್ ಗಡಿ. ಸ್ಟರ್ಸಿಂಗಿನಲ್ಲಿ ಊಟ. ಯೌಫನ್. ಅಲ್ಲಿಂದ ಮುಂದೆ ಮೆರಾನಿನ ಹೋಟೆಲಿನವನು ನಾಲ್ಕೂವರೆಗೆ ಮೊದಲು ಕಾಫಿ ಕೊಡುವವನಲ್ಲ. ಉಳಿದ ಇಪ್ಪತ್ತೈದು ನಿಮಿಷಕ್ಕೆ ಬೇರೆಲ್ಲೂ ಜಾಗವಿರಲಿಲ್ಲ. ಘಾಟಿಯ ನೆತ್ತಿಯ ಹದಿನೈದನ್ನು ಹೊಡೆದು ನಲವತ್ತು ಎಂದು ಮಾಡಿದಳು. ಅದರ ಪಕ್ಕದಲ್ಲಿ ಬರೆದಳು: ಚಾಲಕಿಯೂ ಇಳಿಯುವುದು.