ಬೋಗುಣಿಯ ಚಿತ್ರ ಅಳಿಸಿದವರು

ಬೆಳಗಿನ ಐದೂವರೆ. ಬೀದಿ ನಲ್ಲಿಯ ಎದುರಿನ ಕಟ್ಟೆಯ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಕೂತಿದ್ದಾರೆ. ನೀರಿಗೆ ಬಂದವರ ಕೈಗಳನ್ನಷ್ಟೇ ನೋಡುತ್ತಾರೆ, ಬರೆಯುತ್ತಾರೆ. ಬಕೆಟ್ ತಿಕ್ಕುವ ಕೈ, ಮಗುವಿನ ಮೂಗು ಒರೆಸಿ ತನ್ನ ಬಟ್ಟೆಗೇ ಉಜ್ಜಿಕೊಳ್ಳುವ ಕೈ. “ಇವತ್ತು ನಲವತ್ತು ಜನ ಬಂದ್ರು. ಸೋಪು ಮುಟ್ಟಿದೋರು ಏಳೇ ಜನ,” ಎನ್ನುತ್ತಾರೆ.

ಕೇರಿಯವರಿಗೆ ಇವರು ಚಿತ್ರದಕ್ಕ. ಆರೋಗ್ಯ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕರಪತ್ರ ರೂಪಿಸುವುದೇ ಕೆಲಸ: ಕೈ ತೊಳೆಯಿರಿ, ಉಗುರು ಕತ್ತರಿಸಿ, ಕುಡಿಯುವ ನೀರು ಮುಚ್ಚಿಡಿ. ಕಿಟಕಿಯಿಲ್ಲದ ಕೋಣೆ, ಅಲ್ಲಾಡುವ ಮೇಜು, ಹಳೆಯ ಕಡತಗಳ ನಡುವೆ ಒಂದು ಕಂಪ್ಯೂಟರ್. ಒಂದೊಂದು ಕರಪತ್ರಕ್ಕೂ ಮೂವತ್ತು ಕರಡು.

ಮೂರು ವರ್ಷದ ಹಿಂದಿನ ಒಂದು ಚಿತ್ರದ ಮಾತು ಬಂದರೆ ದನಿ ತಗ್ಗುತ್ತದೆ. ಕೈ ತೊಳೆಯುವ ಚಿತ್ರದಲ್ಲಿ ಅವರು ಬೋಗುಣಿ ಬರೆದಿದ್ದರು. “ಚೆಂದ ಕಾಣ್ಲಿ ಅಂತ ಬರೆದೆ. ಅಷ್ಟೇ.” ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದ ಮಗುವಿನ ತಾಯಿ ಅದೇ ಕರಪತ್ರ ಹಿಡಿದು ಕಚೇರಿಗೆ ಬಂದಳು. “ಇದರಲ್ಲಿ ಇರೋ ಹಾಗೇ ಮಾಡಿದ್ವಿ ಅಕ್ಕ. ಮನೆಯವರೆಲ್ಲ ಒಂದೇ ಬೋಗುಣೀಲಿ ಕೈ ಅದ್ದಿ ತೊಳೆದ್ವಿ.” ಆಕೆಗೆ ಓದು ಬಾರದು. ಕೆಳಗೆ ಅಚ್ಚಾಗಿದ್ದ ‘ಹರಿಯುವ ನೀರಿನಲ್ಲಿ’ ಎಂಬ ಮಾತು ಆಕೆಯ ಪಾಲಿಗೆ ಇರಲೇ ಇಲ್ಲ. ರೋಗ ಅಲ್ಲಿಂದಲೇ ಬಂತೆಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಚಿತ್ರದಕ್ಕ ಮಾತ್ರ ಅದನ್ನು ಅಲ್ಲಿಗೇ ಬಿಡಲಿಲ್ಲ.

ಮೇಲಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡರು. “ಅಚ್ಚಾಗಿ ಹೋಗಿದೆ. ಯಾರಮ್ಮ ಅಷ್ಟೆಲ್ಲ ನೋಡ್ತಾರೆ?” ಎಂದರು ಅಧಿಕಾರಿ.

“ಒಬ್ಬಳು ನೋಡಿದಾಳಲ್ಲ ಸರ್.”

ರಜೆ ಹಾಕಿ ಹನ್ನೊಂದು ದಿನ ಮನೆಮನೆ ತಿರುಗಿದರು. ಸಿಕ್ಕ ಕರಪತ್ರದಲ್ಲೆಲ್ಲ ಬೋಗುಣಿಯ ಮೇಲೆ ಹೊಸ ಚಿತ್ರ ಅಂಟಿಸಿದರು: ಒಬ್ಬರು ಚೊಂಬಿನಿಂದ ನೀರು ಹೊಯ್ಯುತ್ತಾರೆ, ಇನ್ನೊಬ್ಬರು ಕೈ ಉಜ್ಜುತ್ತಾರೆ. ಅಷ್ಟರಲ್ಲಿ ಮಗು ಗುಣವಾಗಿ ಮನೆಗೆ ಬಂದಿತ್ತು. ಆ ಮನೆಯ ಬಾಗಿಲಲ್ಲಿ ನಿಂತು, ತಪ್ಪು ತನ್ನದೆಂದು ಹೇಳಿದರು. ತಾಯಿ ಬೈಯಲಿಲ್ಲ. “ಮುಂದಿನ ಸಲ ಅಚ್ಚಿಗೆ ಹಾಕೋ ಮುಂಚೆ ನಂಗೊಂದ್ಸಲ ತೋರ್ಸಿ” ಎಂದಳಷ್ಟೇ.

ಅಂದಿನಿಂದ ಅದೇ ರೂಢಿ. ಆಕೆ ಚಿತ್ರದ ಮೇಲೆ ಬೆರಳಿಟ್ಟು ತನಗೆ ಕಂಡದ್ದನ್ನು ಹೇಳುತ್ತಾಳೆ. ಚಿತ್ರದಕ್ಕ ಗುರುತು ಹಾಕಿಕೊಳ್ಳುತ್ತಾರೆ.

“ಮೊದಲ್ನೇ ಸಲ ಹದಿನಾಲ್ಕು ತಪ್ಪು ಹಿಡಿದ್ಲು. ಈ ಸಲ ಎರಡೇ,” ಎಂದು ಕರಡನ್ನು ಮಡಿಸುತ್ತಾರೆ. “ನಿವೃತ್ತಿ ಒಳಗೆ ಒಂದೂ ಸಿಗದ ಹಾಗೆ ಮಾಡ್ಬೇಕು ಅಂತಿದೆ. ಅವಳು ಬಿಡೋ ಹಾಗೆ ಕಾಣಲ್ಲ.”