ಮುಖ ನೋಡಿ ಕೇಳುತ್ತಿದ್ದ ಅಮ್ಮ

ಒಣಮೀನಿನ ಉಪ್ಪು ಅಂಟಿದ ಎರಡು ಬೆರಳು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸುತ್ತಿದ್ದವು. ಆಮೇಲೆಯೇ ನಾನು ಬಾಯಿ ತೆರೆಯಬೇಕು. ಕಾಸರಕೋಡದ ನಮ್ಮ ಪಕ್ಕದ ಮನೆಯ ಅಮ್ಮ ಮಾತು ಕೇಳುತ್ತಿದ್ದದ್ದೇ ಹಾಗೆ. ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಪುಡಿಮಾಡುವ ಯಂತ್ರದ ಪಕ್ಕ ನಿಂತೂ ನಿಂತೂ ಅವರ ಕಿವಿ ಮುಕ್ಕಾಲು ಹೋಗಿತ್ತು. ಸದ್ದು ಬೀಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಸದ್ದಿಲ್ಲದೆ ತುಟಿ ಆಡಿಸಿದರೂ ಅರ್ಧ ತಪ್ಪುತ್ತಿತ್ತು. ಎರಡೂ ಒಟ್ಟಿಗೆ ಸಿಕ್ಕರೆ ಮಾತ್ರ ಒಂದಕ್ಷರವನ್ನೂ ಬಿಡುತ್ತಿರಲಿಲ್ಲ.

ಇದರಿಂದ ಕೇರಿಯವರಿಗೆಲ್ಲ ಪೇಚಾಟ. ಬಾಯಿತುಂಬ ಎಲೆಯಡಿಕೆಯ ಕವಳ ಇಟ್ಟುಕೊಂಡು ಮಾತಾಡಿಸಿದರೆ, ಗಂಡನೇ ಆಗಲಿ, "ಉಗ್ದು ಬಾ, ಆಮೇಲೆ ಹೇಳು" ಎಂದು ಅಂಗಳಕ್ಕೆ ಅಟ್ಟುತ್ತಿದ್ದರು. ಕೂಗಿ ಹೇಳಿದರೆ ಬಾಯಿ ಸೊಟ್ಟಗಾಗಿ ಏನೂ ತಿಳಿಯುವುದಿಲ್ಲವೆಂದು ಗದರುತ್ತಿದ್ದರು. ಸಂಜೆ ಕರೆಂಟು ಹೋದರೆ ಊರ ಸುದ್ದಿಯೆಲ್ಲ ಅದು ಬರುವ ತನಕ ಕಾಯಬೇಕಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಮನೆಗೆ ಫೋನು ಬಂತು. ಮಡಗಾವಿಗೆ ಮದುವೆಯಾಗಿ ಹೋಗಿದ್ದ ಅಮ್ಮನ ಒಬ್ಬಳೇ ಮಗಳು ಭಾನುವಾರ ಫೋನು ಮಾಡುತ್ತಿದ್ದಳು. ಫೋನಿಗೆ ಮುಖವಿಲ್ಲವಲ್ಲ. ಹಾಗಾಗಿ ಕೇಳುವವಳೂ ನಾನೇ, ಕೇಳಿದ್ದನ್ನು ಅಮ್ಮನ ಕಡೆ ತಿರುಗಿ ಹೇಳುವವಳೂ ನಾನೇ. ಒಂದು ಭಾನುವಾರ ಅವಳ ದನಿ ನಡುವೆ ಕಟ್ಟಿಕೊಂಡಿತು. ಗಂಡ ಹೊಡೆಯುತ್ತಾನೆಂದಳು. ಅಮ್ಮನಿಗೆ ಮಾತ್ರ ಆರಾಮಿದ್ದಾಳೆಂದೇ ಹೇಳಿ ಎಂದು ಬೇಡಿಕೊಂಡಳು. ನಾನು ಹಾಗೆಯೇ ಹೇಳಿದೆ, ನಗುನಗುತ್ತಲೇ ಹೇಳಿದೆ ಅಂದುಕೊಂಡಿದ್ದೆ.

ಅಮ್ಮ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ತುಟಿ ಆರಾಮ ಅಂತದೆ, ತಂಗಿ. ಕಣ್ಣು ಹಂಗೆ ಹೇಳೂದಿಲ್ಲ. ಮಗ್ಳಿಗೆ ಎಂತ ಆತು?"

ನನಗೆ ಅಳು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಮರುದಿನದ ರೈಲಿಗೆ ಅವರು ಒಬ್ಬರೇ ಹೊರಟರು. ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡೇ ಬಂದರು. ಅಳಿಯ ಬಾಗಿಲಿಗೆ ಅಡ್ಡ ನಿಂತು ಕೂಗಾಡಿದನಂತೆ. ಇವರು ಅವನ ಮುಖದ ಕಡೆ ನೋಡಲೇ ಇಲ್ಲವಂತೆ. ಅದನ್ನು ನೆನೆದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ಅಮ್ಮ ತೀರಿಕೊಂಡು ವರ್ಷಗಳಾದವು. ಹೊನ್ನಾವರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಮಗಳು, ಅಂದು ತಾಯಿಯ ಕಾರ್ಯ ಮುಗಿದು ನೆಂಟರೆಲ್ಲ ಎದ್ದುಹೋದ ಮೇಲೆ ನನ್ನ ಪಕ್ಕ ಬಂದು ಕೂತಳು.

"ಅಮ್ಮಂಗೆ ಫೋನು ಕೇಳ್ತಿದ್ರೆ ನಾ ಅಳು ನುಂಗಿ ದನಿ ಗಟ್ಟಿ ಮಾಡ್ಕಂಡೇ ಮಾತಾಡ್ತಿದ್ದೆ, ಅಕ್ಕ" ಎಂದಳು. "ಇನ್ನೂ ಆ ಗಂಡನ ಮನೇಲೇ ಇರ್ತಿದ್ದೆ."